ಮಚ್ ಎಲ್ಲಿ, ಮೆನಿ ಎಲ್ಲಿ?

ಭಾನುವಾರ ಬೆಳಿಗ್ಗೆ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಇಂಗ್ಲಿಷ್ ಕಲಿಯಲು ಬರುವವರಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುವ ಹುಡುಗರಿದ್ದಾರೆ, ಮಕ್ಕಳ ಪಾಠ ನೋಡಿಕೊಳ್ಳುವ ತಾಯಂದಿರಿದ್ದಾರೆ. ಎಲ್ಲರದೂ ಒಂದೇ ಪ್ರಶ್ನೆ: ‘ಟೀಚರ್, ಎಷ್ಟು ಎನ್ನಲು ಮಚ್ ಯಾವಾಗ, ಮೆನಿ ಯಾವಾಗ?’ ಮನೆಯ ‘ಎಷ್ಟು’ ಆಗಲಿ ಬೀದಿಯ ಮರಾಠಿ ‘ಕಿತಿ’ ಆಗಲಿ ನೀರಿಗೂ ಸಲ್ಲುತ್ತದೆ, ನಿಂಬೆಹಣ್ಣಿಗೂ ಸಲ್ಲುತ್ತದೆ.

ಎಣಿಸುವುದಕ್ಕೆ ಮೆನಿ, ಅಳೆಯುವುದಕ್ಕೆ ಮಚ್ ಎಂಬ ಸೂತ್ರ ಅವರಿಗೆಲ್ಲ ಬಾಯಿಪಾಠ. ತಪ್ಪುವುದು ಅದನ್ನು ನಂಬಿಯೇ. ದಾದರ್‌ನಲ್ಲಿ ಇಳಿಯುವಾಗ ಲಗೇಜನ್ನು ನಾವು ಎಣಿಸಿಕೊಂಡೇ ಇಳಿಯುತ್ತೇವೆ. ಗಲ್ಲಾದ ಹುಡುಗ ದಿನವಿಡೀ ಎಣಿಸುವುದು ಹಣವನ್ನೇ. ಆದರೂ ಇಂಗ್ಲಿಷಿನಲ್ಲಿ ಲಗೇಜಿಗೂ ಮನಿಗೂ ಮಚ್ ಹಾಕಬೇಕು.

ಆದ್ದರಿಂದ ನನ್ನ ಉತ್ತರ ಇದು: ವಸ್ತುವನ್ನು ನೋಡಬೇಡಿ, ಪದವನ್ನು ನೋಡಿ. ಆ ಪದಕ್ಕೆ ಮೊದಲು ‘ಟೂ’ ಇಟ್ಟು, ಪದವನ್ನು ಬಹುವಚನ ಮಾಡಿ ನೋಡಿ. ಟೂ ರುಪೀಸ್ ನಿಲ್ಲುತ್ತದೆ, ಟೂ ಮನೀಸ್ ನಿಲ್ಲುವುದಿಲ್ಲ. ಮುಂಬಯಿಯಲ್ಲಿ ಎರಡು ಪಾವ್ ಕೊಡಿ ಎನ್ನುತ್ತೇವೆ. ಇಂಗ್ಲಿಷಿನ ಬ್ರೆಡ್ ಹಾಗೆ ಎಣಿಕೆಗೆ ಸಿಗದು, ಅದರ ಸ್ಲೈಸ್ ಎಣಿಸಬೇಕು. ಅಡ್ವೈಸ್, ಫರ್ನಿಚರ್, ಇನ್‌ಫರ್ಮೇಷನ್ ಇದೇ ಜಾತಿಯವು. ನಮ್ಮಲ್ಲಿ ಎರಡು ಸಲಹೆ ಕೊಡಬಹುದು, ಅಲ್ಲಿ ‘ಟೂ ಪೀಸಸ್ ಆಫ್ ಅಡ್ವೈಸ್’ ಎನ್ನಬೇಕು. ಇಂಥ ಪದಗಳನ್ನು ಒಂದೊಂದಾಗಿ ಕಲಿಯದೆ ಬೇರೆ ದಾರಿಯಿಲ್ಲ. ಅಡ್ಡದಾರಿ ಇದೆ ಎಂದು ಹೇಳಿ ಮಕ್ಕಳನ್ನು ನಂಬಿಸಲು ನನಗೆ ಮನಸ್ಸು ಬರುವುದಿಲ್ಲ.

ಈ ಭೇದ ಕನ್ನಡಕ್ಕೆ ಹೊಸದು ಎಂದು ಮಾತ್ರ ಯಾರೂ ಅಂಜಬಾರದು. ‘ಕೆಲವು ಸಕ್ಕರೆ ಕೊಡಿ’ ಎಂದು ನೆರೆಮನೆಯಲ್ಲಿ ಯಾರಾದರೂ ಕೇಳುತ್ತಾರೆಯೇ? ‘ಸ್ವಲ್ಪ’ ಎನ್ನುತ್ತೇವೆ. ಕೆಲವು, ಹಲವು ಎಣಿಕೆಯ ಪದಗಳೆಂದು ಯಾರೂ ಕಲಿಸದೆಯೇ ನಮ್ಮ ನಾಲಿಗೆಗೆ ಗೊತ್ತು. ಕೆಲವು ಬರುವಲ್ಲಿ ‘ಎ ಫ್ಯೂ’, ಅದು ಬಾರದೆ ಸ್ವಲ್ಪವೇ ಬೇಕಾದಲ್ಲಿ ‘ಎ ಲಿಟಲ್’ ಎಂದು ಹಿಡಿದರೆ ಬಹುಪಾಲು ಸರಿಹೋಗುತ್ತದೆ.

ಆ ಪುಟ್ಟ ‘ಎ’ ಬಿಟ್ಟುಹೋದರೆ ಅರ್ಥವೇ ತಿರುಗುತ್ತದೆ. ಊರು ಬಿಟ್ಟು ಬಂದ ಹುಡುಗನೊಬ್ಬ, ಇಲ್ಲಿ ಗೆಳೆಯರಿದ್ದಾರೆ ಎಂದು ಸಂತೋಷದಿಂದ ಹೇಳಲು ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್’ ಎಂದು ಬರೆದ. ಓದಿದವರಿಗೆ ಅದು ಒಂಟಿತನದ ಮಾತು. ‘ಎ ಫ್ಯೂ’ ಎಂದರೆ ‘ಕೆಲವರಾದರೂ ಇದ್ದಾರೆ’, ಬರಿಯ ‘ಫ್ಯೂ’ ಎಂದರೆ ‘ಬೆರಳೆಣಿಕೆಯವರೇ’ ಎಂದೆ. ‘ಕೆಲವರಾದರೂ’ ಎಂಬುದರ ‘ಆದರೂ’ ಮತ್ತು ‘ಬೆರಳೆಣಿಕೆಯವರೇ’ ಎಂಬುದರ ಕೊನೆಯ ‘ಏ’ಗಳ ನಡುವಿನ ದೂರ ಅವನಿಗೆ ಕೂಡಲೇ ಕಂಡಿತು. ಲಿಟಲ್, ಎ ಲಿಟಲ್‌ಗಳ ಕಥೆಯೂ ಅದೇ.

ಕಡಿಮೆ ಎನ್ನಲು ಎಣಿಸುವ ಪದಕ್ಕೆ ಫ್ಯೂಯರ್, ಉಳಿದುದಕ್ಕೆ ಲೆಸ್. ಆದರೆ ದುಡ್ಡು, ದೂರ, ಹೊತ್ತಿನಂಥ ಅಳತೆ ಬಂದಾಗ ಸಂಖ್ಯೆಯಿದ್ದರೂ ಲೆಸ್ ಸರಿ: ‘ಲೆಸ್ ದ್ಯಾನ್ 500 ರುಪೀಸ್’. ಅಲ್ಲಿ ಐನೂರು ನಾಣ್ಯಗಳಿಲ್ಲ, ಒಂದು ಮೊತ್ತವಿದೆ.