ಹುಬ್ಬಳ್ಳಿಯಲ್ಲಿ ವಿದೇಶಿ ಅತಿಥಿಗೆ ಸಿಮ್ ಕೊಡಿಸುವ ಮುನ್ನ

ವಿದೇಶದಿಂದ ಬರುವ ಗೆಳೆಯರನ್ನು ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಸುತ್ತಿಸುವ ಯೋಚನೆ ಇದೆಯಾ? ಹಾಗಾದರೆ ಹೋಟೆಲ್ಲು, ಕಾರು ಎಲ್ಲಾ ಆಮೇಲೆ ನೋಡಿ. ಮೊದಲು ಅವರ ಕೈಗೆ ಭಾರತದ ಒಂದು ನಂಬರ್ ಬರುವ ಹಾಗೆ ಮಾಡಿ. ಈ ಚಳಿಗಾಲದಲ್ಲಿ ನನ್ನ ಮಗಳ ಗೆಳತಿ ಜರ್ಮನಿಯಿಂದ ಧಾರವಾಡದ ನಮ್ಮ ಮನೆಗೆ ಬಂದಿದ್ದಳು. ಚಾಲುಕ್ಯರ ಕಾಲದ ಗುಡಿಗಳ ಬಗ್ಗೆ ಓದುತ್ತಿರುವ ಹುಡುಗಿ. ಮಗಳಿಗೆ ರಜೆ ಇರಲಿಲ್ಲ, ಹಾಗಾಗಿ ಸಿಮ್ಮಿಗಾಗಿ ಅವಳ ಜೊತೆ ಓಡಾಡಿದ್ದು ನಾನು. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಂಬರ್ ಯಾಕೆ ಅಷ್ಟು ಮುಖ್ಯ ಅಂದರೆ, ನಮ್ಮಲ್ಲಿ ಈಗ ಯಾವುದಕ್ಕೆ ಕೈ ಹಾಕಿದರೂ ಒಟಿಪಿ. ಆಟೊ ಆ್ಯಪಿಗೆ ಬೇಕು, ರೈಲ್ವೆ ನಿಲ್ದಾಣದ ಉಚಿತ ವೈಫೈಗೂ ಬೇಕು. ಹುಬ್ಬಳ್ಳಿ ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಅತಿ ಉದ್ದದ್ದು. ಆ ತುದಿಯಲ್ಲಿ ಅತಿಥಿ, ಈ ತುದಿಯಲ್ಲಿ ನೀವು ನಿಂತರೆ ಫೋನ್ ಇಲ್ಲದೆ ಹುಡುಕುವುದು ಸುಲಭ ಅಲ್ಲ. ಲಕ್ಕುಂಡಿಯಲ್ಲಂತೂ ಗುಡಿ, ಬಾವಿಗಳೆಲ್ಲ ಊರ ಓಣಿಗಳ ನಡುವೆ ಚದುರಿಕೊಂಡಿವೆ. ಒಬ್ಬಳೇ ತಿರುಗಾಡುವ ಹುಡುಗಿಗೆ ನಕ್ಷೆ ಬೇಕು, ಅಗತ್ಯ ಬಿದ್ದರೆ ನಮಗೆ ಒಂದು ಕರೆ ಮಾಡಲು ಬರಬೇಕು.

ಕೆಲವರು ತಮ್ಮ ದೇಶದಿಂದಲೇ ಪ್ರವಾಸದ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಸೇರುವ ಸಿಮ್) ಹಾಕಿಸಿಕೊಂಡು ಬರುತ್ತಾರೆ. ಬಂದಿಳಿದ ಕೂಡಲೇ ವಾಟ್ಸ್‌ಆ್ಯಪ್, ನಕ್ಷೆ ನೋಡಲು ಅದು ಒಳ್ಳೆಯದೇ. ಆದರೆ ಅವುಗಳಲ್ಲಿ ಹೆಚ್ಚಿನವು ಬರೀ ಡಾಟಾ ಕೊಡುತ್ತವೆ. ಭಾರತದ ನಂಬರ್ ಸಿಗುವುದಿಲ್ಲ, ಒಟಿಪಿಯೂ ಬರುವುದಿಲ್ಲ. ವಾರಕ್ಕಿಂತ ಜಾಸ್ತಿ ಇರುವವರಿಗೆ ಇಲ್ಲಿನ ಸಿಮ್ಮೇ ಸರಿ.

ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೊರದೇಶದ ವಿಮಾನ ಬರುವುದಿಲ್ಲ. ಬೆಂಗಳೂರು, ಗೋವಾ ಇಲ್ಲವೇ ಮುಂಬೈಯಲ್ಲಿ ಇಳಿದೇ ಈ ಕಡೆ ಬರಬೇಕು. ಬೆಂಗಳೂರಿನ ನಿಲ್ದಾಣದಲ್ಲೇ ಸಿಮ್ ಸಿಗುತ್ತದೆ. ರಾತ್ರಿ ಇಳಿದು ಬೆಳಿಗ್ಗೆಯೇ ಧಾರವಾಡದ ರೈಲು ಹತ್ತುವವರಿಗೆ ಅದು ಅನುಕೂಲ. ನಮ್ಮ ಜರ್ಮನಿಯ ಹುಡುಗಿಗೆ ಅಲ್ಲಿ ಸಮಯ ಸಾಲಲಿಲ್ಲ, ಇಲ್ಲಿಗೇ ಬಂದು ತೆಗೆದುಕೊಂಡಳು. ನನ್ನನ್ನು ಕೇಳಿದರೆ, ಜೊತೆಗೆ ಊರಿನವರೊಬ್ಬರು ಇದ್ದು ಊರಲ್ಲೇ ತೆಗೆದುಕೊಳ್ಳುವುದು ಉತ್ತಮ.

ಮೊದಲು ಮನೆ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆವು. ರೀಚಾರ್ಜಿಗೆ ನಾನು ಯಾವಾಗಲೂ ಹೋಗುವ ಜಾಗ. ಪಾಸ್‌ಪೋರ್ಟ್ ನೋಡಿದ ಹುಡುಗ, "ಅಕ್ಕಾರ, ಆಧಾರ್ ಇಲ್ಲಂದ್ರ ನಮ್ಮ ಕಡೆ ಆಗಂಗಿಲ್ರಿ. ನಿಮ್ಮ ಹೆಸರಿಲೆ ಒಂದು ತಗೊಂಡು ಕೊಟ್ಟಬಿಡ್ರಲ್ಲ" ಅಂದ. ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ. ನಾನು ಬೇಡ ಅಂದೆ.

ಇದೊಂದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಅತಿಥಿ ಅಂದರೆ ಮನೆಯವರೇ ಅಲ್ವಾ, ಹಾಗಾಗಿ ಎಷ್ಟೋ ಜನ ತಮ್ಮ ಹೆಸರಿನ ಸಿಮ್ ಕೊಟ್ಟುಬಿಡುತ್ತಾರೆ. ಕೊಡಬೇಡಿ. ಆ ನಂಬರಿನಿಂದ ಏನೇ ನಡೆದರೂ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು. ಫೋನ್ ಕಳೆದು ಬೇರೆ ಯಾರದೋ ಕೈಗೆ ಸಿಕ್ಕರೂ ಪೊಲೀಸರು ಮೊದಲು ಕೇಳುವುದು ನಿಮ್ಮನ್ನೇ. ಅತಿಥಿಗೂ ತೊಂದರೆ ತಪ್ಪಿದ್ದಲ್ಲ. ಸಿಮ್ ಹಾಳಾದರೆ ಬೇರೆ ಸಿಮ್ ಪಡೆಯಲು ನೀವೇ ಬರಬೇಕು. ಅಷ್ಟರಲ್ಲಿ ಅವರು ಹಂಪಿಯಲ್ಲೋ ಕೇರಳದಲ್ಲೋ ಇದ್ದರೆ ಏನು ಮಾಡುತ್ತಾರೆ? ಸುಳ್ಳು ಹೇಳಿ, ಬೇರೆಯವರ ಸೋಗಿನಲ್ಲಿ ಸಿಮ್ ಪಡೆದರಂತೂ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ನಿಮ್ಮ ಹೆಸರಿನಲ್ಲಿ ಈಗ ಎಷ್ಟು ನಂಬರ್ ಇವೆ ಎಂದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ಒಮ್ಮೆ ನೋಡಿಬಿಡಿ.

ಸಣ್ಣ ಅಂಗಡಿಯಲ್ಲಿ ವಿದೇಶಿಯರ ಕೆಲಸ ಆಗದಿರಲು ಕಾರಣವಿದೆ. 2024ರ ಜನವರಿಯಿಂದ ಸಿಮ್ ಕೊಡಲು ಕಾಗದದ ಅರ್ಜಿ ನಡೆಯುವುದಿಲ್ಲ, ಎಲ್ಲಾ ಆ್ಯಪಿನಲ್ಲೇ. ನಮಗೆ ಆಧಾರ್ ನಂಬರ್ ಹೇಳಿ ಬೆರಳಿಟ್ಟರೆ ಮುಗಿಯಿತು. ಆಧಾರ್ ಇಲ್ಲದ ವಿದೇಶಿಯರಿಗೆ ಬೇರೆ ದಾರಿ, ಬೇರೆ ದಾಖಲೆ. ಎಲ್ಲಾ ಅಂಗಡಿಯವರಿಗೂ ಅದರ ರೂಢಿ ಇರುವುದಿಲ್ಲ. ಹಾಗಾಗಿ ನೇರವಾಗಿ ಕಂಪನಿಯ ಸ್ವಂತ ಮಳಿಗೆಗೆ ಹೋಗಿ. ವಾರದ ನಡುವಿನ ದಿನ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಒಳ್ಳೆಯದು. ಗದಗ, ಹಾವೇರಿಗೆ ಹೋದ ಮೇಲೆ ನೋಡೋಣ ಎಂದು ಮುಂದೂಡಬೇಡಿ, ಹುಬ್ಬಳ್ಳಿ-ಧಾರವಾಡದಲ್ಲೇ ಮುಗಿಸಿ.

ದಾಖಲೆ ಅಂದರೆ ಮೂಲ ಪಾಸ್‌ಪೋರ್ಟ್ ಮತ್ತು ವೀಸಾ. ಮಳಿಗೆಯವರು ಅವರ ಆ್ಯಪಿನಲ್ಲಿ ಪಾಸ್‌ಪೋರ್ಟಿನ ಫೋಟೊ ತೆಗೆಯುತ್ತಾರೆ. ಅತಿಥಿಯನ್ನು ಎದುರಿಗೆ ನಿಲ್ಲಿಸಿ ಅವರ ಫೋಟೊವನ್ನೂ ತೆಗೆಯುತ್ತಾರೆ. ಹಾಗಾಗಿ ಪಾಸ್‌ಪೋರ್ಟ್ ಹಿಡಿದುಕೊಂಡು ನೀವೊಬ್ಬರೇ ಹೋದರೆ ಕೆಲಸ ಆಗುವುದಿಲ್ಲ. ಅತಿಥಿಯನ್ನು ಕಳಿಸಿ ಪಾಸ್‌ಪೋರ್ಟ್ ಮನೆಯಲ್ಲಿಟ್ಟರೂ ಆಗುವುದಿಲ್ಲ. ಇ-ವೀಸಾದವರು ಇನ್ನೊಂದು ವಿಷಯ ಗಮನಿಸಿ. ಅವರ ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿರುವುದಿಲ್ಲ. ಇಳಿದಾಗ ಒತ್ತಿದ ಮುದ್ರೆ ಮಾತ್ರ ಇರುತ್ತದೆ. "ವೀಸಾ ಎಲ್ಲೈತ್ರಿ?" ಎಂದು ನಮ್ಮನ್ನೂ ಕೇಳಿದರು. ಮೇಲ್‌ನಲ್ಲಿ ಬಂದ ಇ-ವೀಸಾ ಅನುಮತಿಯನ್ನು ಪ್ರಿಂಟ್ ಮಾಡಿಸಿ ತಂದಿದ್ದೆವು. ಅದನ್ನೂ ಮುದ್ರೆಯ ಪುಟವನ್ನೂ ಒಟ್ಟಿಗೆ ತೋರಿಸಿದ ಮೇಲೆ ಒಪ್ಪಿದರು. ಬೇರೆ ದೇಶದ ಪೌರರಾದ ನಮ್ಮವರ ಬಳಿ ಒಸಿಐ (ಭಾರತ ಮೂಲದವರಿಗೆ ಕೊಡುವ ಕಾರ್ಡು) ಇದ್ದರೆ, ವೀಸಾ ಬದಲು ಅದನ್ನು ತರಬೇಕು. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ದುಬೈಯಲ್ಲೋ ಅಮೆರಿಕದಲ್ಲೋ ಇರುವವರು ವಿದೇಶಿಯರಲ್ಲ. ಆಧಾರ್ ಇದ್ದರೆ ಅವರಿಗೆ ನಮ್ಮ ಹಾಗೇ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಊರಿನ ವಿಳಾಸ ಮತ್ತು ಊರಿನವರೊಬ್ಬರ ಫೋನ್ ನಂಬರ್. ಅರ್ಜಿ ತುಂಬುವಾಗ ಭಾರತದ ಒಂದು ನಂಬರಿಗೆ ಒಟಿಪಿ ಹೋಗುತ್ತದೆ. ಅಲ್ಲಿ ಅದನ್ನು ಹೇಳಲೇಬೇಕು. ನಮ್ಮ ಹುಡುಗಿಯ ಅರ್ಜಿಯ ಒಟಿಪಿ ಬಂದದ್ದು ನನ್ನ ಫೋನಿಗೆ. ವಿದೇಶಿ ಪ್ರವಾಸಿಯ ಬಳಿ ಈ ನಂಬರ್ ಎಲ್ಲಿಂದ ಬರಬೇಕು? ಒಬ್ಬರೇ ಹೋದ ಎಷ್ಟೋ ಮಂದಿ ವಾಪಸ್ ಬರುವುದು ಇದೇ ಹಂತದಲ್ಲಿ. ಅದಕ್ಕೇ ಹೇಳುವುದು, ವಿಳಾಸ ಬರೆದುಕೊಟ್ಟು ಆಟೊ ಹತ್ತಿಸಿ ಕಳಿಸಬೇಡಿ. ನೀವೇ ಜೊತೆಗೆ ಹೋಗಿ, ಫೋನ್ ಚಾರ್ಜ್ ಮಾಡಿಕೊಂಡು ಹೋಗಿ.

ವಿಳಾಸಕ್ಕೆ ಹೋಟೆಲಿನ ಬುಕಿಂಗ್ ಚೀಟಿ ಸಾಕಾಗುತ್ತದೆ. ಮನೆಯಲ್ಲಿ ಇಳಿದುಕೊಂಡರೆ ನಿಮ್ಮ ಮೇಲೆ ಇನ್ನೊಂದು ಜವಾಬ್ದಾರಿ ಇದೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಫಾರ್ಮ್ ಸಿ ಎಂದೇ ಎಲ್ಲರೂ ಕರೆಯುವುದು. ಹೋಟೆಲ್‌ನವರು ತಾವೇ ಹಾಕುತ್ತಾರೆ, ಮನೆಯಲ್ಲಾದರೆ ನಾವು ಹಾಕಬೇಕು. ಸುಮ್ನೆ ಬಿಡುವವರೇ ಜಾಸ್ತಿ, ಆದರೆ ಬಿಡಬೇಡಿ. ಅದರ ಪ್ರಿಂಟ್ ನನ್ನ ಚೀಲದಲ್ಲಿ ಇತ್ತು. ಮಳಿಗೆಯಲ್ಲಿ ವಿಳಾಸಕ್ಕೆ ನನ್ನ ಆಧಾರ್ ಜೊತೆ ಅದನ್ನೂ ತೋರಿಸಿದೆ, ಮತ್ತೆ ಪ್ರಶ್ನೆ ಕೇಳಲಿಲ್ಲ.

ಸಿಮ್ ಕೈಗೆ ಬಂದ ಕೂಡಲೇ ಚಾಲೂ ಆಗುತ್ತದೆ ಎಂದುಕೊಳ್ಳಬೇಡಿ. ಕೆಲವು ಗಂಟೆ ಹಿಡಿಯುತ್ತದೆ, ಒಮ್ಮೊಮ್ಮೆ ಮರುದಿನ. ಆ ದಿನ ದೂರ ಹೋಗುವ ಯೋಜನೆ ಇಟ್ಟುಕೊಳ್ಳಬೇಡಿ. ನಾವು ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹೋದೆವು. ಅವಳು ಕಂಬಗಳ ಚಿತ್ರ ಬರೆಯುತ್ತಾ ಕೂತಳು, ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಸಂಜೆ ಲೈನ್ ಬಜಾರಿನಲ್ಲಿ ಫೇಡಾ ತಿನ್ನುವಾಗ ಸಿಗ್ನಲ್ ಬಂತು.

ಅತಿಥಿ ತಮ್ಮ ದೇಶದಿಂದ ಹೊರಡುವ ಮೊದಲೇ ಅವರಿಗೆ ಫೋನಿನ ಬಗ್ಗೆ ಎರಡು ಪ್ರಶ್ನೆ ಕೇಳಿ. ಫೋನ್ ಲಾಕ್ ಆಗಿದೆಯಾ? ಕಂತಿನಲ್ಲಿ ತೆಗೆದುಕೊಂಡ ಫೋನುಗಳಲ್ಲಿ ಅಲ್ಲಿನ ಕಂಪನಿಯ ಲಾಕ್ ಇರಬಹುದು. ಆಗ ನಮ್ಮ ಸಿಮ್ ನಡೆಯುವುದಿಲ್ಲ. ಅದನ್ನು ಅವರ ದೇಶದಲ್ಲೇ ತೆಗೆಸಬೇಕು. ಸಿಮ್ ಹಾಕುವ ಜಾಗ ಇದೆಯಾ? ಅಮೆರಿಕದಲ್ಲಿ ಕೊಂಡ ಐಫೋನ್ 14 ಮತ್ತು ಆಮೇಲಿನವುಗಳಲ್ಲಿ ಅದು ಇಲ್ಲವೇ ಇಲ್ಲ. ಅಂಥವರು ಮಳಿಗೆಯಲ್ಲಿ ಶುರುವಿನಲ್ಲೇ ಇ-ಸಿಮ್ ಕೇಳಬೇಕು. ಕಾರ್ಡ್ ತೆಗೆದುಕೊಂಡು ಆಮೇಲೆ ಇ-ಸಿಮ್‌ಗೆ ಬದಲಿಸಿದರೆ, ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಅಷ್ಟು ಹೊತ್ತು ಒಟಿಪಿಯೂ ಇಲ್ಲ.

ಕಂಪನಿ ಯಾವುದಾದರೂ ಸರಿ, ಆದರೆ ಜಿಯೋದಲ್ಲಿ 2ಜಿ, 3ಜಿ ಇಲ್ಲ. ಕರೆ ಹೋಗುವುದು 4ಜಿ, 5ಜಿ ಮೂಲಕವೇ. ಹಳೆಯ ವಿದೇಶಿ ಫೋನಿನಲ್ಲಿ ಡಾಟಾ ಬಂದರೂ ಕರೆ ಹೋಗದೇ ಇರಬಹುದು. ಸಿಮ್ ಚಾಲೂ ಆದ ಮೇಲೆ ನಿಮ್ಮ ಫೋನಿಗೆ ಒಂದು ಕರೆ ಮಾಡಿಸಿ ನೋಡಿ. ಅವರ ಊರಿನ ಸಿಮ್ಮನ್ನು ತೆಗೆದಿಡಲು ಹೇಳಬೇಡಿ. ಅವರ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಎರಡನ್ನೂ ಇಟ್ಟುಕೊಂಡು ಹಳೆಯದರಲ್ಲಿ ರೋಮಿಂಗ್ ಡಾಟಾ ಮಾತ್ರ ಬಂದ್ ಮಾಡಿದರೆ ಸಾಕು.

ಪ್ಯಾಕ್ ಆರಿಸುವಾಗ ಇರುವ ದಿನಗಳಿಗೆಲ್ಲ ಒಂದೇ ಸಲ ಸಾಕಾಗುವಂಥದ್ದನ್ನು ಆರಿಸಿ. 28 ದಿನದ ಪ್ಯಾಕ್ ಮುಗಿದಾಗ ಅವರು ಎಲ್ಲಿರುತ್ತಾರೋ, ವಿದೇಶದ ಕಾರ್ಡಿನಲ್ಲಿ ರೀಚಾರ್ಜ್ ಮಾಡುವುದು ಯಾವಾಗಲೂ ಆಗುವುದಿಲ್ಲ. ಆಗ ನೀವೇ ಮನೆಯಿಂದ ಮಾಡಿಕೊಡಬೇಕಾಗುತ್ತದೆ. ವೀಸಾ ಮುಗಿದರೆ ಸಿಮ್ಮೂ ಮುಗಿಯಿತು, ಅದೂ ಗೊತ್ತಿರಲಿ. ಮುಂದೆ ಕಾಶ್ಮೀರಕ್ಕೆ ಹೋಗುವವರಿದ್ದರೆ ಮೊದಲೇ ಹೇಳಿ, ಇಲ್ಲಿನ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ.

ನಂಬರ್ ಬಂತೆಂದ ಮಾತ್ರಕ್ಕೆ ಯುಪಿಐ ಬರುವುದಿಲ್ಲ, ಅದಕ್ಕೆ ಇಲ್ಲಿನ ಬ್ಯಾಂಕ್ ಖಾತೆ ಬೇಕು. ವಿದೇಶಿಯರಿಗೆಂದೇ ಬೇರೆ ವ್ಯಾಲೆಟ್ ಇದೆ, ಆದರೆ ಅದನ್ನು ನಂಬಿಕೊಂಡು ಗದಗ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಬೇಡಿ. ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ನೋಟು ಕೊಟ್ಟು ಕಳಿಸಿ. ಗದಗ, ಹಾವೇರಿ ಪೇಟೆಯಲ್ಲಿ ಸಿಗ್ನಲ್‌ಗೆ ನಮಗೆ ತೊಂದರೆ ಆಗಲಿಲ್ಲ. ಕಪ್ಪತಗುಡ್ಡದ ಕಡೆ ಹೋದಾಗ ಬಂದು ಹೋಗುತ್ತಿತ್ತು. ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಂಡಿದ್ದರಿಂದ ದಾರಿ ತಪ್ಪಲಿಲ್ಲ.

ಕೊನೆಯದಾಗಿ, ವಾಟ್ಸ್‌ಆ್ಯಪನ್ನು ಈ ಹೊಸ ನಂಬರಿಗೆ ಬದಲಿಸಲು ಬಿಡಬೇಡಿ, ಹಳೆಯ ನಂಬರಿನಲ್ಲೇ ನಡೆಯಲಿ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಹಾಗಾಗಿ ಊರಿಗೆ ಹೊರಡುವ ಮೊದಲು, ಇಲ್ಲಿನ ನಂಬರ್ ಕೊಟ್ಟು ತೆರೆದ ಖಾತೆಗಳಿಂದ ಅದನ್ನು ತೆಗೆಸಿಬಿಡಿ. ನಮ್ಮ ಹುಡುಗಿ ಈ ಕೆಲಸವನ್ನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲೇ ಕೂತು ಮಾಡಿ ಮುಗಿಸಿದಳು.