‘ಈ ಜಡ್ಡು ಯಾರ ಕಡಿಂದ ಬಂತ್ರಿ?’

ರಾಯಚೂರಿನಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತೇನೆ ಅಂತ ಗೊತ್ತಾದರೆ ಸಾಕು, ಲಗ್ನದ ಊಟದ ಪಂಕ್ತಿಯಲ್ಲೂ ಯಾರಾದರೂ ದನಿ ತಗ್ಗಿಸಿ ಕೇಳುತ್ತಾರೆ: “ಸರ, ನಮ್ಮ ಮನ್ಯಾಗ ಯಾರಿಗೂ ಇಲ್ಲ. ಈ ಜಡ್ಡು ಕೂಸಿಗೆ ಅವರವ್ವನ ತವರುಮನಿ ಕಡಿಂದ ಬಂದದೇನ್ರಿ?” ಹೆಚ್ಚಾಗಿ ಕೇಳುವವರು ಕೂಸಿನ ಅಜ್ಜಿ, ಗಂಡನ ತಾಯಿ.

ಮದುವೆ ಯಾವ ಸಂಬಂಧದಲ್ಲಾಯಿತು ಅಂತ ನಾನು ತಿರುಗಿ ಕೇಳುತ್ತೇನೆ. ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳು ನಮ್ಮ ಕಡೆ ಇವತ್ತಿಗೂ ಇವೆ. ಅಲ್ಲಿ ಸೊಸೆಯ ತವರೆಂದರೆ ಅಜ್ಜಿಯ ಸ್ವಂತ ಮಗಳ ಮನೆ! ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷವುಳ್ಳ ಜೀನ್ ಅಡಗಿದ್ದರೆ, ಇಬ್ಬರೂ ಗಟ್ಟಿಮುಟ್ಟಾಗಿದ್ದರೂ, ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. 1865ರಲ್ಲಿ ಮೆಂಡಲ್ ಬಟಾಣಿ ಗಿಡದಲ್ಲಿ ತೋರಿಸಿದ ಲೆಕ್ಕವಿದು, ಪಿಯುಸಿ ಓದಿದವರಿಗೆ ಗೊತ್ತು.

ಈ ಲೆಕ್ಕಕ್ಕೆ ಸಿಗದ ಜಡ್ಡುಗಳೂ ಇವೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲಿ 37 ಜೀನ್‌ಗಳ ಪುಟ್ಟ ಡಿಎನ್‌ಎ ಇದೆ. ಅದು ಬರುವುದು ತಾಯಿಯಿಂದಲೇ. ಹರೆಯದ ಹುಡುಗರಿಗೆ ಕೆಲವೇ ವಾರಗಳಲ್ಲಿ ಕಣ್ಣು ಮಂಜಾಗುವ ಲೆಬರ್ ಕಾಯಿಲೆಯದು ಈ ದಾರಿ. ಎಷ್ಟೋ ಸಲ ತಾಯಿಗೆ ಏನೂ ಆಗಿರುವುದಿಲ್ಲ. “ನೋಡ್ರಿ, ತವರಿಂದನ ಬಂತು” ಅನ್ನುವ ಮೊದಲು, ಅಕ್ಕನ ಮಗಳನ್ನು ತಂದುಕೊಂಡ ಮನೆಯಾದರೆ, ಹಿಂದಕ್ಕೆ ಎಣಿಸಿ: ಕೂಸಿಗೆ ಅವ್ವನಿಂದ, ಅವ್ವನಿಗೆ ಅವಳವ್ವನಿಂದ, ಅವಳಿಗೆ ಇದೇ ಅಜ್ಜಿಯಿಂದ. (ಕೂಸಿಗೆ ಅವರು ಅಜ್ಜಿಯೂ ಹೌದು, ಮುತ್ತಜ್ಜಿಯೂ ಹೌದು.) ಒಬ್ಬರಿಗೆ ಇದನ್ನು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದೆ. “ಹೋಳಿಗಿ ಹಾಕಿಸ್ಕೊಳ್ರಿ ಸರ” ಅಂತ ಮಾತು ಬದಲಿಸಿಬಿಟ್ಟರು.

ಇನ್ನೊಂದು ಬಗೆಯಲ್ಲಿ ಜೀನ್ ಸರಿಯಾಗಿಯೇ ಇರುತ್ತದೆ, ಮೀಥೈಲ್ ಎಂಬ ರಾಸಾಯನಿಕ ಗುರುತು ಬಿದ್ದು ಅದರ ಬಾಯಿ ಕಟ್ಟಿರುತ್ತದೆ. 15ನೇ ಕ್ರೋಮೋಸೋಮಿನ ಒಂದು ತುಣುಕಿನಲ್ಲಿ ಕೆಲವು ಜೀನ್‌ಗಳು ಅಪ್ಪನಿಂದ ಬಂದ ಪ್ರತಿಯಲ್ಲಷ್ಟೇ ಕೆಲಸ ಮಾಡುತ್ತವೆ, ಅವ್ವನಿಂದ ಬಂದ ಪ್ರತಿಯಲ್ಲಿ ಅವುಗಳ ಬಾಯಿ ಕಟ್ಟಿರುತ್ತದೆ. ಆ ಪ್ರತಿ ಕಳೆದುಹೋದರೆ ಪ್ರಾಡರ್-ವಿಲ್ಲಿ: ಹುಟ್ಟಿದಾಗ ಮೊಲೆ ಚೀಪಲೂ ತ್ರಾಣವಿಲ್ಲದ ಕೂಸು, ಬೆಳೆದಂತೆ ಎಷ್ಟು ಉಂಡರೂ ಹಸಿವು ಇಂಗದ ಹುಡುಗ. ಅದೇ ತುಣುಕು ಅವ್ವನ ಪ್ರತಿಯಲ್ಲಿ ಹೋದರೆ ಏಂಜಲ್‌ಮನ್: ಮಾತು ಬಾರದು, ಫಿಟ್ಸ್, ಮೇಲಿಂದ ಮೇಲೆ ನಗು. ವೀರ್ಯಾಣುವೋ ಅಂಡವೋ ತಯಾರಾಗುವಾಗಿನ ಆಕಸ್ಮಿಕವೇ ಇದಕ್ಕೆ ಬಹುಪಾಲು ಕಾರಣ. ವಂಶವೆಲ್ಲ ಜಾಲಾಡಿದರೂ ಏನೂ ಸಿಗದು.

ಓದಿಕೊಂಡವರ ಪ್ರಶ್ನೆ ಬೇರೆ: “ಬಸುರಿದ್ದಾಗ ಅಕಿ ಸರಿಯಾಗಿ ಉಣಲಿಲ್ಲ, ಅದಕ್ಕ ಹಿಂಗಾತೇನ್ರಿ?” 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್ ಉಪವಾಸ ಬಿದ್ದಿತ್ತು. ಆಗ ಗರ್ಭದಲ್ಲಿ ಮೂಡಿದವರನ್ನು ಆರು ದಶಕಗಳ ನಂತರ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಎಂಬ ಜೀನಿನ ಮೇಲೆ ಮೀಥೈಲ್ ಗುರುತು ಅವರ ಒಡಹುಟ್ಟಿದವರಿಗಿಂತ ಕಡಿಮೆಯಿತ್ತು. ಊಟದ ಪ್ರಭಾವ ಸುಳ್ಳಲ್ಲ. ಆದರೆ ಅಲ್ಲಿ ಅನ್ನಕ್ಕೆ ಅಡ್ಡಬಂದದ್ದು ಜರ್ಮನ್ ಸೈನ್ಯ, ತಾಯಂದಿರಲ್ಲ. ಎಪಿಜೆನೆಟಿಕ್ಸ್ (ಜೀನಿನ ಮೇಲೆ ಬೀಳುವ ಇಂಥ ಗುರುತುಗಳ ವಿಜ್ಞಾನ) ಹೆಸರು ಹೇಳಿ ಸೊಸೆಯನ್ನು ಬೈಯಲು ಹೊಸ ನೆಪ ಹುಡುಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ರಿಪೋರ್ಟ್ ತೋರಿಸ್ರಿ ಅನ್ನುತ್ತೇನೆ. ಪ್ರಾಡರ್-ವಿಲ್ಲಿಯಲ್ಲಿ ತುಣುಕು ಆಕಸ್ಮಿಕವಾಗಿ ಕಳೆದದ್ದು ಖಾತ್ರಿಯಾದರೆ ಮುಂದಿನ ಕೂಸಿಗೂ ಬರುವ ಸಾಧ್ಯತೆ ನೂರರಲ್ಲಿ ಒಂದಕ್ಕಿಂತ ಕಡಿಮೆ, ಮೆಂಡಲ್ ಲೆಕ್ಕದ ಆ ಜಡ್ಡಾದರೆ ನಾಲ್ಕರಲ್ಲಿ ಒಂದು. ಎರಡನೇ ಬಸಿರಿಗೆ ಮುಂಚೆ ಜೆನೆಟಿಕ್ಸ್ ಡಾಕ್ಟರನ್ನು ಕಾಣಬೇಕಾದದ್ದು ಇದಕ್ಕೆ, ಗಂಡ ಹೆಂಡತಿ ಇಬ್ಬರೂ.