ಒಂದ್ ಸಲ ನಗಬಹುದಿತ್ತು

"ಆದ್ರೂ ಒಂದ್ ಸಲ ನಗಬಹುದಿತ್ತು."

ಭಾನುವಾರ ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅತ್ತೆ ಆಡಿದ ಮಾತಿದು. ವಾರ ಕಳೆಯುತ್ತಾ ಬಂತು, ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಮಾವ, ಅತ್ತೆ ತಮ್ಮ ಮಗಳ ಮದುವೆಗೆ ಕರೆಯೋಕೆ ಬಂದಿದ್ದರು. ಹೊರಡುವಾಗ ಅತ್ತೆ ದನಿ ತಗ್ಗಿಸಿ ಕೇಳಿದರು, "ನಿಮ್ಮಪ್ಪನಿಗೆ ನಾವು ಬಂದಿದ್ದು ಇಷ್ಟ ಆಗ್ಲಿಲ್ವೇನೇ? ಮುಖ ಗಂಟು ಹಾಕ್ಕೊಂಡೇ ಕೂತಿದ್ರಲ್ಲ."

"ಅಯ್ಯೋ ಇಲ್ಲ ಅತ್ತೆ, ಪಾರ್ಕಿನ್ಸನ್ಸ್ ಬಂದವರಿಗೆ ಮುಖ ಹಾಗಾಗುತ್ತೆ. ನೀವು ಬಂದಿದ್ದು ಅವರಿಗೆ ತುಂಬಾ ಖುಷಿ."

"ಕೈ ನಡುಗೋ ಕಾಯಿಲೆ ತಾನೇ ಅದು? ಗೊತ್ತು ಬಿಡು." ಆಮೇಲೆ ಒಂದು ಕ್ಷಣ ಬಿಟ್ಟು, "ಆದ್ರೂ..."

ಆ "ಆದ್ರೂ" ಇದೆಯಲ್ಲ, ನೋವಾಗಿದ್ದು ಅದರಿಂದ. ಕಾಯಿಲೆ ಅಂತ ಹೇಳಿದ ಮೇಲೂ ಅದು ಹೋಗಲಿಲ್ಲ. ಅತ್ತೆ ಕೆಟ್ಟವರಲ್ಲ. ಅಮ್ಮ ಮಲಗಿದ್ದಾಗ ಬಂದು ನಮ್ಮ ಅಡುಗೆಮನೆ ನೋಡಿಕೊಂಡವರು. ಆದರೆ ಅವರಿಗೆ ಎಲ್ಲದಕ್ಕೂ ಎದುರಿನವರ ಮುಖದಲ್ಲಿ ರಸೀದಿ ಬೇಕು. ಕಾಫಿ ಚೆನ್ನಾಗಿದೆ ಅಂದರೆ ಸಾಲದು, ಹಾಗೆ ಹೇಳುವಾಗ ಮುಖ ಅರಳಬೇಕು.

ಅವತ್ತು ಅವರು ನೋಡದೇ ಹೋದದ್ದನ್ನು ನಾನು ನೋಡಿದ್ದೆ. ಅತ್ತೆ ತಮ್ಮ ಮದುವೆಯ ಕಥೆ ತೆಗೆದಿದ್ದರು. ಮದುವೆ ತಿಪಟೂರಿನಲ್ಲಿ. ಅರಸೀಕೆರೆಯಿಂದ ವಾಲಗದವರನ್ನು ಕರೆತರೋಕೆ ಅಪ್ಪನನ್ನು ಕಳಿಸಿದ್ದರಂತೆ. ಬಸ್ಸು ತಪ್ಪಿತು. ಮುಹೂರ್ತ ಹತ್ತಿರ ಬಂದಾಗ ಛತ್ರದ ಮುಂದೆ ಒಂದು ಕೊಬ್ಬರಿ ಲಾರಿ ಬಂದು ನಿಂತಿತು. ಮೂಟೆಗಳ ಮೇಲೆ ವಾಲಗದವರು, ನಡುವೆ ಡೋಲು ತಬ್ಬಿಕೊಂಡು ನಮ್ಮಪ್ಪ! ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪನ ಮುಖ ಹಾಗೇ ಇತ್ತು. ಅತ್ತೆ ಒಂದು ಸಲ ಅವರ ಕಡೆ ನೋಡಿದರು, ಆಮೇಲೆ ಮಾತು ಛತ್ರದ ಬಾಡಿಗೆಗೆ ಹೊರಳಿತು. ಆಗ ಅಪ್ಪನ ತುಟಿಯ ಎಡತುದಿ ನಿಧಾನಕ್ಕೆ ಮೇಲೆದ್ದಿತು. ನಂತರ ಬಲತುದಿ. ಕಣ್ಣು ಸ್ವಲ್ಪ ಕಿರಿದಾಯಿತು. ಅಷ್ಟು ಹೊತ್ತಿಗೆ ಅವರ ಕಡೆ ನೋಡುವವರು ಯಾರೂ ಇರಲಿಲ್ಲ.

ಮಿದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಕಡಿಮೆಯಾದರೆ ಕೈಕಾಲು ಬಿಗಿಯುವ ಹಾಗೇ ಮುಖದ ಸ್ನಾಯುಗಳೂ ಬಿಗಿಯುತ್ತವೆ, ನಿಧಾನವಾಗುತ್ತವೆ. ಡಾಕ್ಟರುಗಳು ಇದಕ್ಕೆ ಹೈಪೋಮಿಮಿಯಾ ಅನ್ನುತ್ತಾರೆ. ನಾವೆಲ್ಲ ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಮಿಟುಕಿಸುತ್ತೇವೆ. ಈ ಕಾಯಿಲೆಯವರಲ್ಲಿ ಅದೂ ಕಡಿಮೆ. ಹಾಗಾಗಿ ಸುಮ್ನೆ ನೋಡಿದರೂ ದುರುಗುಟ್ಟಿದ ಹಾಗೆ ಕಾಣುತ್ತೆ, ಮಕ್ಕಳು ಹೆದರುತ್ತವೆ. ದನಿ ತಗ್ಗುತ್ತೆ. ಮಾತಾಡುವವರ ಕಡೆ ಕತ್ತು ಥಟ್ಟನೆ ತಿರುಗುವುದಿಲ್ಲ. "ನಗಿ" ಅಂದಾಗ ನಗೋದು ಎಷ್ಟೋ ಜನರಿಗೆ ಸಾಧ್ಯ, ತಾನಾಗಿ ಬರಬೇಕಾದ ನಗುವೇ ಕಷ್ಟ. ಮನಸ್ಸಿಗೆ ಖುಷಿಯಾಗುವುದರಲ್ಲಿ ಏನೂ ಕೊರತೆ ಇಲ್ಲದಿದ್ದರೂ ಮುಖ ಹೀಗಿರಬಹುದು.

ಅತ್ತೆ ಹೋದ ಮೇಲೆ ಒಳಗೆ ಬಂದೆ. ಕಿಟಕಿ ತೆರೆದೇ ಇತ್ತು, ಅಪ್ಪನಿಗೆ ಎಲ್ಲ ಕೇಳಿಸಿತ್ತು. ತುಂಬಾ ಸಣ್ಣ ದನಿಯಲ್ಲಿ ಹೇಳಿದರು, "ನಾನು ನಕ್ಕೆನಲ್ಲ."

"ಹೌದಪ್ಪ, ನಕ್ಕಿರಿ. ನಾನು ನೋಡಿದೆ," ಅಂದೆ.

ತಮ್ಮ ಮುಖ ಹೊರಗಿನವರಿಗೆ ಹೇಗೆ ಕಾಣುತ್ತಿದೆ ಅನ್ನೋದು ಈ ಕಾಯಿಲೆಯವರಿಗೆ ಎಷ್ಟೋ ಸಲ ಗೊತ್ತೇ ಆಗಲ್ಲ. ಅವರು ಒಳಗಿನಿಂದ ಪೂರ್ತಿ ನಕ್ಕಿರುತ್ತಾರೆ. ನಮ್ಮಪ್ಪ ಮೇಷ್ಟ್ರಾಗಿದ್ದವರು. ಹುಬ್ಬೆತ್ತಿದರೆ ಸಾಕು, ಇಡೀ ಕ್ಲಾಸು ಸುಮ್ಮನಾಗುತ್ತಿತ್ತು. ಅಂಥವರು ಈಗ "ನಾನು ನಕ್ಕೆ" ಅಂತ ಬಾಯಿಬಿಟ್ಟು ಹೇಳಿಕೊಳ್ಳಬೇಕಾಯಿತು.

ಮನೆಯಲ್ಲಿ ನಾವು ಅವರ ಬಲಗೈ ನೋಡುತ್ತೇವೆ. ಹೆಬ್ಬೆರಳು, ತೋರುಬೆರಳು ಸೇರಿ ಏನನ್ನೋ ಉಂಡೆ ಮಾಡುವ ಹಾಗೆ ಸದಾ ಆಡುತ್ತಿರುತ್ತವೆ. ಕೋಪ, ಆತಂಕ, ಸಂತೋಷ ಯಾವುದಾದರೂ ಸರಿ, ಮನಸ್ಸು ಕದಡಿದರೆ ಈ ನಡುಕ ಜಾಸ್ತಿಯಾಗುತ್ತೆ. ಅವತ್ತು ಲಾರಿ ಕಥೆ ಶುರುವಾದ ಕೂಡಲೇ ಬೆರಳುಗಳು ಜೋರಾದವು, ಕುರ್ಚಿಯ ತೋಳಿಗೆ ತಾಗಿ ಟಕಟಕ ಸದ್ದು ಬಂತು. ಅಮ್ಮ ಅದನ್ನು ಕೇಳಿಸಿಕೊಂಡು ನನ್ನ ಕಡೆ ನೋಡಿ ನಕ್ಕಳು. ಅತ್ತೆಗೂ ಸದ್ದು ಕೇಳಿಸಿತು. ಪಾಪ, ಕಾಯಿಲೆ ಅಂದುಕೊಂಡು ಮರುಕದಿಂದ ಬೇರೆ ಕಡೆ ನೋಡಿದರು.

ನಮ್ಮ ಆಫೀಸಿನಲ್ಲಿ ಹಿಂದೊಮ್ಮೆ ಬಾಡಿ ಲ್ಯಾಂಗ್ವೇಜ್ ಬಗ್ಗೆ ಟ್ರೈನಿಂಗ್ ಇತ್ತು. ಬಂದವರು ದೊಡ್ಡದಾಗಿ ಸ್ಲೈಡ್ ಹಾಕಿದರು: ಹೇಳಬೇಕಾದ್ದು ಎದುರಿನವರಿಗೆ ತಲುಪೋದರಲ್ಲಿ ಮಾತಿನ ಪಾಲು ಶೇ. 7, ದನಿಯದು ಶೇ. 38, ಮುಖ ಮತ್ತು ಮೈಯದು ಶೇ. 55. ಈ ಲೆಕ್ಕ ಎಲ್ಲ ಕಡೆ ಓಡಾಡುತ್ತಿದೆ, ನೀವೂ ಕೇಳಿರುತ್ತೀರಿ. ಇದು ಆಲ್ಬರ್ಟ್ ಮೆಹ್ರೇಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದದ್ದು. ಒಂದೊಂದೇ ಪದ, ಅದನ್ನು ಹೇಳಿದ ದನಿ, ಮುಖದ ಫೋಟೊ ಇಟ್ಟುಕೊಂಡು, ಹೇಳಿದವರಿಗೆ ಇಷ್ಟವೋ ಇಲ್ಲವೋ ಅಂತ ಊಹಿಸುವ ಪ್ರಯೋಗ. ಎಲ್ಲ ಮಾತುಕತೆಗೂ ಇದು ಅನ್ವಯಿಸಲ್ಲ ಅಂತ ಅವರೇ ಹೇಳಿದ್ದಾರೆ. ಆದರೂ ಟ್ರೈನಿಂಗ್ ಕೊಡುವವರು ಬಿಡುವುದಿಲ್ಲ. ಆ ಲೆಕ್ಕ ಹಿಡಿದರೆ ನಮ್ಮಪ್ಪನ ಮುಖ ಹೋಯಿತು, ದನಿ ಹೋಯಿತು, ಉಳಿದದ್ದು ಶೇ. 7. ಒಬ್ಬ ಮನುಷ್ಯನನ್ನು ಹಾಗೆ ಅಳೆಯೋದು ಅನ್ಯಾಯ ಅಲ್ವಾ?

ಮೈ ನೋಡಿ ತಿಳಿಯೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ಈ ಕಾಯಿಲೆ ಗೊತ್ತಾಗಿದ್ದೇ ಹಾಗೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಬರೆದ ಪುಟ್ಟ ಪುಸ್ತಕದಲ್ಲಿ ಇರುವುದು ಆರೇ ಜನರ ವಿವರ. ಅವರಲ್ಲಿ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ. ಬಾಗಿದ ಬೆನ್ನು, ಮುಂದಕ್ಕೆ ಓಡುವಂಥ ನಡಿಗೆ, ಸುಮ್ಮನಿದ್ದಾಗಲೂ ನಡುಗುವ ಕೈ. ನಿಂತು ನೋಡಿದರು, ಆಮೇಲೆ ಬರೆದರು. ನಾವು ನೆಂಟರಿಷ್ಟರ ವಿಷಯದಲ್ಲಿ ನಿಂತು ನೋಡುವುದೇ ಇಲ್ಲ. ಯಾರೋ ಮದುವೆಮನೆಯಲ್ಲಿ ಮುಖ ಕೊಟ್ಟು ಮಾತಾಡಲಿಲ್ಲ ಅಂತ ಹತ್ತು ವರ್ಷ ಮಾತು ಬಿಟ್ಟವರು ನಮ್ಮಲ್ಲೇ ಇದ್ದಾರೆ. ಹೊಸ ಸೊಸೆ ನಗಲಿಲ್ಲ ಅಂದರೆ ಜಂಬ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದ ಹುಡುಗ ಸುಳ್ಳುಗಾರ. ಹೇಳಿದ ಮಾತನ್ನಾದರೂ "ಹಾಗಂದೆಯಾ?" ಅಂತ ಕೇಳುತ್ತೇವೆ, ಮುಖದ ವಿಷಯದಲ್ಲಿ ಯಾರೂ ಕೇಳುವುದಿಲ್ಲ. ನೇರವಾಗಿ ತೀರ್ಪು.

ಅಪ್ಪನ ಜೊತೆ ಹೇಗಿರಬೇಕು ಅಂತ ಚೆನ್ನಾಗಿ ಗೊತ್ತಿರುವುದು ಕಟಿಂಗ್, ಶೇವಿಂಗ್ ಮಾಡೋಕೆ ಮನೆಗೆ ಬರುವ ಹುಡುಗನಿಗೆ. "ಮೇಷ್ಟ್ರೇ, ಮೀಸೆ ಸಣ್ಣ ಮಾಡ್ಲಾ?" ಅಂತ ಕೇಳಿ ಕತ್ತರಿ ಒರೆಸುತ್ತಾ ನಿಲ್ಲುತ್ತಾನೆ. ಉತ್ತರಕ್ಕೆ ನನ್ನ ಮುಖ ನೋಡಲ್ಲ, ಕಿವುಡರ ಹತ್ತಿರ ಕೂಗಿದ ಹಾಗೆ ಕೂಗಲ್ಲ. ಅಪ್ಪನಿಂದ "ಬೇಡ" ಬರುವ ತನಕ ಕಾಯುತ್ತಾನೆ. ಯಾವ ಟ್ರೈನಿಂಗೂ ಇಲ್ಲದೆ ಅವನಿಗೆ ಇದು ಹೇಗೆ ಬಂತೋ!

ಮದುವೆಗೆ ಅಪ್ಪ ಬಂದೇ ಬರುತ್ತಾರೆ. ಮಾತ್ರೆಯನ್ನು ಊಟಕ್ಕಿಂತ ಅರ್ಧ ಗಂಟೆ ಮುಂಚೆ ಕೊಟ್ಟರೆ ಅವರಿಗೆ ಓಡಾಡೋಕೆ ಹಗುರ, ಹಾಗಾಗಿ ಯಾವ ಪಂಕ್ತಿ ಅಂತ ಮೊದಲೇ ಕೇಳಿಟ್ಟುಕೊಂಡಿದ್ದೇನೆ. ನಿನ್ನೆ ಅತ್ತೆಗೆ ಫೋನ್ ಮಾಡಿ ಫೋಟೋಗ್ರಾಫರ್ ನಂಬರ್ ತೆಗೆದುಕೊಂಡೆ. ಯಾಕೆ ಅಂತಲೂ ಹೇಳಿದೆ. ನಮ್ಮ ಮನೆಯವರು ಸ್ಟೇಜ್ ಹತ್ತಿದಾಗ ಒಂದು ಕ್ಲಿಕ್ ಮಾಡಿ ಮುಂದಿನವರನ್ನು ಕರೆಯೋದು ಬೇಡ. ಅಪ್ಪನ ನಗು ಬರೋವರೆಗೂ ಕ್ಯಾಮೆರಾ ಇಳಿಸಬಾರದು, ಹಿಂದೆ ಎಷ್ಟೇ ಉದ್ದ ಸಾಲು ಇರಲಿ.